ಸೇವಾ ಮತದಾರರು ಹಾಗೂ ಸಾಗರೋತ್ತರ ಮತದಾರರು: ನೋಂದಣಿ ಮತ್ತು ಮತದಾನದ ನಿಯಮಗಳು

ಪೀಠಿಕೆ

ಸಾಮಾನ್ಯವಾಗಿ ಮತದಾರನು ತಾನು ವಾಸವಿರುವ ಸ್ಥಳದ ಮತದಾರರ ಪಟ್ಟಿಯಲ್ಲಿ ಹೆಸರನ್ನು ನೋಂದಾಯಿಸಿಕೊಂಡು, ಅದೇ ಸ್ಥಳದ ಮತಗಟ್ಟೆಗೆ ಖುದ್ದಾಗಿ ಹೋಗಿ ಮತ ಚಲಾಯಿಸುತ್ತಾನೆ. ಆದರೆ ಗಡಿಯಲ್ಲಿ ಕರ್ತವ್ಯದಲ್ಲಿರುವ ಯೋಧರು, ವಿದೇಶದ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡುವ ಕೇಂದ್ರ ಸರ್ಕಾರದ ನೌಕರರು ಹಾಗೂ ಉದ್ಯೋಗ ಅಥವಾ ವಿದ್ಯಾಭ್ಯಾಸಕ್ಕಾಗಿ ಪರದೇಶದಲ್ಲಿ ನೆಲೆಸಿರುವ ಭಾರತೀಯ ನಾಗರಿಕರು ಊರಿನಿಂದ ದೂರವಿರುವ ಕಾರಣಕ್ಕಾಗಿ ಮತದಾನದ ಹಕ್ಕಿನಿಂದ ವಂಚಿತರಾಗಬಾರದೆಂಬ ಉದ್ದೇಶದಿಂದ ಕಾನೂನಿನಲ್ಲಿ ಪ್ರತ್ಯೇಕ ಅವಕಾಶಗಳನ್ನು ಕಲ್ಪಿಸಲಾಗಿದೆ. ಕೊಡಗು ಜಿಲ್ಲೆಯ ಸೈನಿಕ ಕುಟುಂಬಗಳಿಗೂ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ಕರಾವಳಿಯ ಜನರಿಗೂ ಈ ಮಾಹಿತಿಯು ವಿಶೇಷವಾಗಿ ಉಪಯುಕ್ತವಾಗಿರುತ್ತದೆ.

ಈ ಎರಡು ವರ್ಗಗಳಿಗೆ ಅನ್ವಯಿಸುವ ನಿಯಮಗಳು ಒಂದೇ ಅಲ್ಲ. ಸೇವಾ ಮತದಾರರು ಅಂಚೆ ಮೂಲಕ ಮತ ಚಲಾಯಿಸಬಹುದು. ಅವರಲ್ಲಿ ಕೆಲವರು ಪ್ರತಿನಿಧಿಯ ಮೂಲಕವೂ ಮತ ಚಲಾಯಿಸಬಹುದು. ಸಾಗರೋತ್ತರ ಮತದಾರರಿಗೆ ಈ ಎರಡೂ ಸೌಲಭ್ಯಗಳು ಇರುವುದಿಲ್ಲ. ಅವರು ಮತದಾನದ ದಿನದಂದು ಖುದ್ದಾಗಿ ಮತಗಟ್ಟೆಗೆ ಹಾಜರಾಗತಕ್ಕದ್ದು. ಆದುದರಿಂದ ಅರ್ಜಿದಾರರು ತಾವು ಯಾವ ವರ್ಗಕ್ಕೆ ಸೇರುತ್ತಾರೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಈ ಪುಟದಲ್ಲಿನ ಮಾಹಿತಿಯು ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಿಗೆ ಸಂಬಂಧಿಸಿದೆ. ಗ್ರಾಮ ಪಂಚಾಯಿತಿ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ರಾಜ್ಯ ಚುನಾವಣಾ ಆಯೋಗವು ಪ್ರತ್ಯೇಕ ನಿಯಮಗಳಡಿ ನಡೆಸುತ್ತದೆ.

1. ಕಾನೂನಿನ ಆಧಾರ

ಮತದಾರರ ನೋಂದಣಿಯು ಪ್ರಜಾಪ್ರತಿನಿಧಿ ಕಾಯ್ದೆ, 1950 ಮತ್ತು ಮತದಾರರ ನೋಂದಣಿ ನಿಯಮಗಳು, 1960ರ ಅನ್ವಯ ನಡೆಯುತ್ತದೆ. ಮತದಾನ ಹಾಗೂ ಮತ ಎಣಿಕೆಯ ವಿಧಾನವನ್ನು ಪ್ರಜಾಪ್ರತಿನಿಧಿ ಕಾಯ್ದೆ, 1951 ಮತ್ತು ಚುನಾವಣೆಗಳನ್ನು ನಡೆಸುವ ನಿಯಮಗಳು, 1961ರಲ್ಲಿ ನಿಗದಿಪಡಿಸಲಾಗಿದೆ. 1950ರ ಕಾಯ್ದೆಯ 20ನೇ ಪ್ರಕರಣವು ಸೇವಾ ಮತದಾರರಿಗೂ, 20ಎ ಪ್ರಕರಣವು ಸಾಗರೋತ್ತರ ಮತದಾರರಿಗೂ ಸಂಬಂಧಿಸಿದೆ.

ಸೇವೆಯಲ್ಲಿರುವ ವ್ಯಕ್ತಿಯು ಎಲ್ಲಿಯೇ ನಿಯೋಜನೆಗೊಂಡಿದ್ದರೂ, ಸೇವೆಗೆ ಸೇರದೇ ಇದ್ದಿದ್ದರೆ ಯಾವ ಊರಿನಲ್ಲಿ ವಾಸವಿರುತ್ತಿದ್ದನೋ ಆ ಊರಿನ ಸಾಮಾನ್ಯ ನಿವಾಸಿ ಎಂದೇ ಕಾನೂನು ಭಾವಿಸುತ್ತದೆ. ಲಡಾಖಿನಲ್ಲಿ ಕರ್ತವ್ಯದಲ್ಲಿರುವ ಮಡಿಕೇರಿಯ ಯೋಧನ ಹೆಸರು ಮಡಿಕೇರಿ ಕ್ಷೇತ್ರದ ಪಟ್ಟಿಯಲ್ಲಿಯೇ ಇರಲು ಇದೇ ಕಾರಣ.

2. ಸೇವಾ ಮತದಾರರು ಯಾರು?

ಈ ಕೆಳಕಂಡ ನಾಲ್ಕು ವರ್ಗದವರು ಸೇವಾ ಅರ್ಹತೆಯನ್ನು ಹೊಂದಿರುತ್ತಾರೆ:

(ಅ) ಭಾರತ ಒಕ್ಕೂಟದ ಸಶಸ್ತ್ರ ಪಡೆಗಳ, ಅಂದರೆ ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳ ಸದಸ್ಯರು.

(ಆ) ಸೇನಾ ಕಾಯ್ದೆ, 1950ರ ಉಪಬಂಧಗಳನ್ನು ಮಾರ್ಪಾಡಿನೊಂದಿಗೆ ಅಥವಾ ಮಾರ್ಪಾಡಿಲ್ಲದೆ ಅನ್ವಯಿಸಲಾಗಿರುವ ಪಡೆಗಳ ಸದಸ್ಯರು.

(ಇ) ಯಾವುದೇ ರಾಜ್ಯದ ಸಶಸ್ತ್ರ ಪೊಲೀಸ್ ಪಡೆಯ ಸದಸ್ಯರಾಗಿದ್ದು, ಆ ರಾಜ್ಯದ ಹೊರಗೆ ಸೇವೆ ಸಲ್ಲಿಸುತ್ತಿರುವವರು.

(ಈ) ಭಾರತ ಸರ್ಕಾರದ ಅಧೀನದಲ್ಲಿ ಭಾರತದ ಹೊರಗಿನ ಹುದ್ದೆಯಲ್ಲಿ ನೇಮಕಗೊಂಡಿರುವವರು.

ಗಡಿ ಭದ್ರತಾ ಪಡೆ, ಇಂಡೋ-ಟಿಬೆಟನ್ ಗಡಿ ಪೊಲೀಸ್, ಅಸ್ಸಾಂ ರೈಫಲ್ಸ್, ಕೇಂದ್ರ ಮೀಸಲು ಪೊಲೀಸ್ ಪಡೆ, ಕೇಂದ್ರ ಕೈಗಾರಿಕಾ ಭದ್ರತಾ ಪಡೆ, ಸಶಸ್ತ್ರ ಸೀಮಾ ಬಲ ಮುಂತಾದ ಪಡೆಗಳವರೂ ಸೇವಾ ಮತದಾರರಾಗಿ ನೋಂದಾಯಿಸಿಕೊಳ್ಳಬಹುದು. ಖಾಸಗಿ ಕಂಪನಿಯ ಉದ್ಯೋಗದ ಮೇಲೆ ವಿದೇಶದಲ್ಲಿರುವವರು (ಈ) ವರ್ಗಕ್ಕೆ ಸೇರುವುದಿಲ್ಲ. ಅವರು 8ನೇ ಭಾಗದಲ್ಲಿ ವಿವರಿಸಿರುವ ಸಾಗರೋತ್ತರ ಮತದಾರರಾಗಿರುತ್ತಾರೆ.

3. ಸೇವಾ ಮತದಾರರ ನೋಂದಣಿ

ಅರ್ಜಿ ನಮೂನೆಗಳು ಈ ಕೆಳಕಂಡಂತಿವೆ:

ನಮೂನೆ-2: ಮೇಲಿನ (ಅ) ಮತ್ತು (ಆ) ವರ್ಗದವರಿಗೆ.
ನಮೂನೆ-2ಎ: ಮೇಲಿನ (ಇ) ವರ್ಗದವರಿಗೆ.
ನಮೂನೆ-3: ಮೇಲಿನ (ಈ) ವರ್ಗದವರಿಗೆ.

ಅರ್ಜಿಯನ್ನು ತಾಲ್ಲೂಕು ಕಚೇರಿಗೆ ನೇರವಾಗಿ ಸಲ್ಲಿಸಬೇಕಾಗಿಲ್ಲ. ಸಶಸ್ತ್ರ ಪಡೆಯವರು ತಮ್ಮ ದಾಖಲೆಗಳ ಕಚೇರಿಯ ಪ್ರಭಾರಾಧಿಕಾರಿಗೆ, ಇತರ ಪಡೆಯವರು ತಮ್ಮ ಕಚೇರಿಯ ಮುಖ್ಯಸ್ಥರಿಗೆ ಅರ್ಜಿಯನ್ನು ಸಲ್ಲಿಸತಕ್ಕದ್ದು. ಸದರಿ ಅಧಿಕಾರಿಯು ವಿವರಗಳನ್ನು ಸೇವಾ ದಾಖಲೆಯೊಂದಿಗೆ ತಾಳೆ ನೋಡಿ, ದೃಢೀಕರಣ ಪತ್ರಕ್ಕೆ ಸಹಿ ಮಾಡಿ, ಸಂಬಂಧಿಸಿದ ಮತದಾರರ ನೋಂದಣಾಧಿಕಾರಿಗೆ ತಲುಪುವಂತೆ ಮುಂದಕ್ಕೆ ಕಳುಹಿಸುತ್ತಾರೆ. ಈ ಕಾರ್ಯಕ್ಕಾಗಿ ಭಾರತ ಚುನಾವಣಾ ಆಯೋಗವು ಸೇವಾ ಮತದಾರರ ಪೋರ್ಟಲ್ ಅನ್ನೂ ಒದಗಿಸಿದೆ.

ಅರ್ಜಿಯಲ್ಲಿ ಸ್ವಂತ ಊರಿನ ವಿಳಾಸವನ್ನು ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಮತ್ತು ಪಿನ್ ಕೋಡ್ ಸಹಿತ ಪೂರ್ಣವಾಗಿ ನಮೂದಿಸುವುದು ಅಗತ್ಯ. ಒಂದೇ ಹೆಸರಿನ ಗ್ರಾಮಗಳು ಹಲವು ತಾಲ್ಲೂಕುಗಳಲ್ಲಿ ಇರುವುದರಿಂದ ಅಪೂರ್ಣ ವಿಳಾಸವು ಬೇರೆ ಕ್ಷೇತ್ರಕ್ಕೆ ಹೋಗುವ ಸಂಭವವಿರುತ್ತದೆ.

ಸೇವಾ ಮತದಾರರ ಹೆಸರುಗಳನ್ನು ಕ್ಷೇತ್ರದ ಮತದಾರರ ಪಟ್ಟಿಯ ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿ ಮುದ್ರಿಸಲಾಗುತ್ತದೆ. ಅವರಿಗೆ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿಯನ್ನು ನೀಡಲಾಗುವುದಿಲ್ಲ.

ಒಬ್ಬ ವ್ಯಕ್ತಿಯು ಏಕಕಾಲದಲ್ಲಿ ಸೇವಾ ಮತದಾರನಾಗಿಯೂ ಸಾಮಾನ್ಯ ಮತದಾರನಾಗಿಯೂ ಇರುವಂತಿಲ್ಲ. ಸೇವೆಗೆ ಸೇರುವ ಮೊದಲು ಊರಿನ ಪಟ್ಟಿಯಲ್ಲಿ ಹೆಸರಿದ್ದಲ್ಲಿ ಅದನ್ನು ತೆಗೆಸುವುದು ಅವಶ್ಯಕ. ಶಾಂತಿ ಪ್ರದೇಶದ ನಿಯೋಜನಾ ಸ್ಥಳದಲ್ಲಿ ಕುಟುಂಬದೊಡನೆ ವಾಸವಾಗಿರುವ ಸೇವಾ ಸದಸ್ಯರು, ತಾವು ಬಯಸಿದಲ್ಲಿ, ಅಲ್ಲಿಯ ಸಾಮಾನ್ಯ ಮತದಾರರಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಅಂಥ ಸಂದರ್ಭದಲ್ಲಿ ಸ್ವಂತ ಊರಿನ ಪಟ್ಟಿಯಲ್ಲಿ ಹೆಸರು ಇರಕೂಡದು.

4. ಪತಿ ಅಥವಾ ಪತ್ನಿಯ ನೋಂದಣಿ

ಸೇವಾ ಮತದಾರರೊಂದಿಗೆ ವಾಸವಾಗಿರುವ ಪತಿ ಅಥವಾ ಪತ್ನಿಯೂ ಸೇವಾ ಮತದಾರರಾಗಬಹುದು. ಹಿಂದೆ ಕಾಯ್ದೆಯಲ್ಲಿ ‘ಪತ್ನಿ’ ಎಂಬ ಪದವಷ್ಟೇ ಇದ್ದುದರಿಂದ ಮಹಿಳಾ ಅಧಿಕಾರಿಗಳ ಪತಿಯರಿಗೆ ಈ ಸೌಲಭ್ಯ ದೊರೆಯುತ್ತಿರಲಿಲ್ಲ. ಚುನಾವಣಾ ಕಾನೂನುಗಳ (ತಿದ್ದುಪಡಿ) ಕಾಯ್ದೆ, 2021ರ ಮೂಲಕ ಈ ಭೇದವನ್ನು ತೆಗೆದುಹಾಕಲಾಗಿದ್ದು, ತಿದ್ದುಪಡಿಯು 2022ರ ಆಗಸ್ಟ್ 1ರಿಂದ ಜಾರಿಗೆ ಬಂದಿದೆ.

ಸೇವಾ ಮತದಾರರೊಂದಿಗೆ ವಾಸವಿರುವ ವಯಸ್ಕ ಮಕ್ಕಳು, ತಂದೆ-ತಾಯಿ ಹಾಗೂ ಇತರ ಬಂಧುಗಳಿಗೆ ಈ ಸೌಲಭ್ಯವಿರುವುದಿಲ್ಲ. ಅವರು ತಾವು ವಾಸವಿರುವ ಸ್ಥಳದಲ್ಲಿ ನಮೂನೆ-6ರಲ್ಲಿ ಅರ್ಜಿ ಸಲ್ಲಿಸಿ ಸಾಮಾನ್ಯ ಮತದಾರರಾಗತಕ್ಕದ್ದು.

5. ಅಂಚೆ ಮತಪತ್ರದ ಮೂಲಕ ಮತದಾನ

ಸೇವಾ ಮತದಾರರು ಅಂಚೆ ಮತಪತ್ರಕ್ಕಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿಲ್ಲ. ಸ್ಪರ್ಧಿಸುವ ಅಭ್ಯರ್ಥಿಗಳ ಅಂತಿಮ ಪಟ್ಟಿ ಸಿದ್ಧವಾದ ಕೂಡಲೇ ಕ್ಷೇತ್ರದ ಚುನಾವಣಾಧಿಕಾರಿಯೇ ಮತಪತ್ರವನ್ನು ಕಳುಹಿಸುತ್ತಾರೆ.

ಕಾನೂನಿನ ಪ್ರಕಾರ ಉಮೇದುವಾರಿಕೆ ಹಿಂತೆಗೆದುಕೊಳ್ಳುವ ಕೊನೆಯ ದಿನದ ನಂತರ ಹದಿನಾಲ್ಕನೆಯ ದಿನಕ್ಕಿಂತ ಮೊದಲು ಮತದಾನ ನಡೆಯುವಂತಿಲ್ಲ. ಹಿಂದೆ ಈ ಅಲ್ಪಾವಧಿಯಲ್ಲಿ ಮತಪತ್ರವು ಅಂಚೆಯ ಮೂಲಕ ಗಡಿಠಾಣೆಗೆ ಹೋಗಿ, ಪುನಃ ಅಂಚೆಯ ಮೂಲಕ ಹಿಂದಿರುಗಬೇಕಾಗಿದ್ದುದರಿಂದ ಅನೇಕ ಮತಗಳು ಎಣಿಕೆಗೆ ತಲುಪುತ್ತಿರಲಿಲ್ಲ. ಈ ತೊಂದರೆಯನ್ನು ನಿವಾರಿಸಲು 2016ರ ಅಕ್ಟೋಬರ್‌ನಲ್ಲಿ ನಿಯಮಗಳನ್ನು ತಿದ್ದುಪಡಿ ಮಾಡಿ, ಮತಪತ್ರವನ್ನು ವಿದ್ಯುನ್ಮಾನ ಮಾಧ್ಯಮದ ಮೂಲಕ ರವಾನಿಸುವ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಇದನ್ನು ಮೊದಲು ಬಳಸಲಾಯಿತು. 2019ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ 18 ಲಕ್ಷಕ್ಕೂ ಹೆಚ್ಚು ಸೇವಾ ಮತದಾರರು ನೋಂದಾಯಿತರಾಗಿದ್ದು, ಅವರಲ್ಲಿ ಶೇಕಡಾ 60ರಷ್ಟು ಮಂದಿಯ ಮತಪತ್ರಗಳು ಹಿಂದಿರುಗಿ ಬಂದವು.

ಈ ವ್ಯವಸ್ಥೆಯಲ್ಲಿ ವಿದ್ಯುನ್ಮಾನ ರವಾನೆಯು ಒಂದೇ ದಿಕ್ಕಿನದು ಎಂಬುದನ್ನು ಗಮನಿಸತಕ್ಕದ್ದು. ಮತಪತ್ರವು ಗಣಕಯಂತ್ರದ ಮೂಲಕ ಬರುತ್ತದೆಯಾದರೂ, ಗುರುತು ಮಾಡಿದ ಮತಪತ್ರವನ್ನು ಅಂಚೆಯ ಮೂಲಕವೇ ಹಿಂದಿರುಗಿಸಬೇಕು. ಇ-ಮೇಲ್ ಮೂಲಕ ಹಿಂದಿರುಗಿಸಿದ ಮತವು ಎಣಿಕೆಗೆ ಬರುವುದಿಲ್ಲ.

ಅನುಸರಿಸಬೇಕಾದ ಹಂತಗಳು:

(1) ಒಂದು ಬಾರಿಯ ಸಂಕೇತ ಸಂಖ್ಯೆ ಮತ್ತು ಪ್ರತ್ಯೇಕವಾಗಿ ಒದಗಿಸಲಾಗುವ ಪಿನ್ ಸಂಖ್ಯೆಯನ್ನು ಬಳಸಿ ಮತಪತ್ರ, ಘೋಷಣಾ ಪತ್ರ (ನಮೂನೆ-13ಎ), ಲಕೋಟೆಗಳ ಮೇಲೆ ಅಂಟಿಸುವ ಚೀಟಿಗಳು ಹಾಗೂ ಸೂಚನೆಗಳನ್ನು ಪಡೆದು ಮುದ್ರಿಸಿಕೊಳ್ಳುವುದು.

(2) ಮತಪತ್ರದಲ್ಲಿ ಒಬ್ಬ ಅಭ್ಯರ್ಥಿಯ ಹೆಸರಿನ ಎದುರು ಮಾತ್ರ ಸ್ಪಷ್ಟವಾಗಿ ಗುರುತು ಮಾಡುವುದು. ಮತಪತ್ರದ ಮೇಲೆ ಸಹಿಯನ್ನಾಗಲಿ, ಹೆಸರನ್ನಾಗಲಿ, ಬೇರೆ ಬರಹವನ್ನಾಗಲಿ ಬರೆಯಕೂಡದು.

(3) ಮತಪತ್ರವನ್ನು ಮಾತ್ರ ಒಳ ಲಕೋಟೆಯಲ್ಲಿ (ನಮೂನೆ-13ಬಿ) ಇರಿಸಿ ಅಂಟಿಸುವುದು.

(4) ಘೋಷಣಾ ಪತ್ರಕ್ಕೆ ಅಧಿಕೃತ ಅಧಿಕಾರಿಯ ಸಮಕ್ಷಮ ಸಹಿ ಮಾಡಿ ದೃಢೀಕರಿಸಿಕೊಳ್ಳುವುದು. ಪಡೆಗಳಲ್ಲಿ ಕಮಾಂಡಿಂಗ್ ಅಧಿಕಾರಿಯು ನೇಮಿಸಿದ ಅಧಿಕಾರಿಯೂ, ವಿದೇಶದಲ್ಲಿ ರಾಯಭಾರ ಅಥವಾ ಕಾನ್ಸುಲರ್ ಕಚೇರಿಯ ಅಧಿಕಾರಿಯೂ ದೃಢೀಕರಿಸಬಹುದು. ದೃಢೀಕರಿಸುವ ಅಧಿಕಾರಿಗೆ ಮತ ಯಾರಿಗೆ ಹೋಗಿದೆ ಎಂಬುದನ್ನು ತೋರಿಸುವ ಅಗತ್ಯವಿಲ್ಲ, ತೋರಿಸಲೂಕೂಡದು.

(5) ಒಳ ಲಕೋಟೆ ಹಾಗೂ ಘೋಷಣಾ ಪತ್ರ ಎರಡನ್ನೂ ಹೊರ ಲಕೋಟೆಯಲ್ಲಿ (ನಮೂನೆ-13ಸಿ) ಇರಿಸಿ ಅಂಟಿಸಿ, ಚುನಾವಣಾಧಿಕಾರಿಗೆ ಅಂಚೆಯ ಮೂಲಕ ಕಳುಹಿಸುವುದು.

ಲಕೋಟೆಯು ಮತ ಎಣಿಕೆ ಆರಂಭಕ್ಕೆ ನಿಗದಿಪಡಿಸಿದ ವೇಳೆಯ ಒಳಗಾಗಿ ಚುನಾವಣಾಧಿಕಾರಿಯ ಕೈ ಸೇರತಕ್ಕದ್ದು. ಕೊನೆಯ ಗಡುವು ಮತದಾನದ ದಿನವಲ್ಲ, ಎಣಿಕೆಯ ದಿನ. ಆದಾಗ್ಯೂ ದೂರದ ಠಾಣೆಗಳಲ್ಲಿರುವವರು ಮತಪತ್ರ ದೊರೆತ ದಿನವೇ ರವಾನಿಸುವುದು ಸೂಕ್ತ. ತಡವಾಗಿ ಬಂದ ಲಕೋಟೆಯನ್ನು ತೆರೆಯದೆ ಬದಿಗಿರಿಸಲಾಗುತ್ತದೆ.

6. ಪ್ರತಿನಿಧಿಯ ಮೂಲಕ ಮತದಾನ

2003ರಲ್ಲಿ ಮಾಡಲಾದ ತಿದ್ದುಪಡಿಯ ಅನ್ವಯ, 2ನೇ ಭಾಗದ (ಅ) ಮತ್ತು (ಆ) ವರ್ಗದವರು ಅಂಚೆ ಮತಪತ್ರದ ಬದಲಿಗೆ ಊರಿನಲ್ಲಿರುವ ತಮ್ಮ ಪ್ರತಿನಿಧಿಯ ಮೂಲಕ ಮತ ಚಲಾಯಿಸಬಹುದು. ಈ ಆಯ್ಕೆಯನ್ನು ಮಾಡಿಕೊಂಡವರನ್ನು ‘ವರ್ಗೀಕೃತ ಸೇವಾ ಮತದಾರರು’ ಎಂದು ಕರೆಯಲಾಗುತ್ತದೆ. ರಾಜ್ಯ ಸಶಸ್ತ್ರ ಪೊಲೀಸ್ ಪಡೆಯವರಿಗೆ ಮತ್ತು ವಿದೇಶದಲ್ಲಿರುವ ಕೇಂದ್ರ ಸರ್ಕಾರಿ ನೌಕರರಿಗೆ ಈ ಸೌಲಭ್ಯವಿಲ್ಲ.

ಪ್ರತಿನಿಧಿಯು ಅದೇ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿದ್ದು, 18 ವರ್ಷ ತುಂಬಿದವರಾಗಿರತಕ್ಕದ್ದು. ಅವರು ನೋಂದಾಯಿತ ಮತದಾರರಾಗಿರಲೇಬೇಕೆಂಬ ಷರತ್ತಿಲ್ಲ. ಆದರೆ ಮತದಾರರಾಗಲು ಅನರ್ಹರಾಗಿರಬಾರದು.

ನೇಮಕಾತಿಯನ್ನು ನಮೂನೆ-13ಎಫ್‌ನಲ್ಲಿ ಮಾಡತಕ್ಕದ್ದು. ಸೇವಾ ಮತದಾರರು ನಿಯೋಜನಾ ಸ್ಥಳದಲ್ಲಿದ್ದರೆ ಕಮಾಂಡಿಂಗ್ ಅಧಿಕಾರಿಯ ಸಮಕ್ಷಮ ಸಹಿ ಮಾಡಿ ನಮೂನೆಯನ್ನು ಪ್ರತಿನಿಧಿಗೆ ಕಳುಹಿಸಬೇಕು. ಪ್ರತಿನಿಧಿಯು ನೋಟರಿ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಸಮಕ್ಷಮ ಸಹಿ ಮಾಡಿ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಸೇವಾ ಮತದಾರರು ರಜೆಯ ಮೇಲೆ ಊರಿನಲ್ಲಿದ್ದರೆ ಇಬ್ಬರೂ ನೋಟರಿ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮ ಒಟ್ಟಿಗೆ ಸಹಿ ಮಾಡಬಹುದು. ನಾಮಪತ್ರ ಸಲ್ಲಿಸುವ ಕೊನೆಯ ದಿನಾಂಕಕ್ಕೆ ಮೊದಲು ನಮೂನೆಯು ಚುನಾವಣಾಧಿಕಾರಿಗೆ ತಲುಪಬೇಕು.

ಒಮ್ಮೆ ಮಾಡಿದ ನೇಮಕಾತಿಯು ರದ್ದುಪಡಿಸುವವರೆಗೂ ಮುಂದಿನ ಚುನಾವಣೆಗಳಿಗೂ ಊರ್ಜಿತವಾಗಿರುತ್ತದೆ. ರದ್ದುಪಡಿಸಲು ನಮೂನೆ-13ಜಿ ನಿಗದಿಯಾಗಿದೆ. ಪ್ರತಿನಿಧಿಯು ಮರಣ ಹೊಂದಿದಲ್ಲಿ ಹೊಸ ಪ್ರತಿನಿಧಿಯನ್ನು ನೇಮಿಸತಕ್ಕದ್ದು.

ಮತದಾನದ ದಿನ ಪ್ರತಿನಿಧಿಯು ನಿಗದಿತ ಮತಗಟ್ಟೆಯಲ್ಲಿ ಮತ ಚಲಾಯಿಸುವಾಗ ಅಳಿಸಲಾಗದ ಶಾಯಿಯನ್ನು ಎಡಗೈಯ ಮಧ್ಯದ ಬೆರಳಿಗೆ ಹಚ್ಚಲಾಗುತ್ತದೆ. ಪ್ರತಿನಿಧಿಯು ತಾನೂ ಮತದಾರನಾಗಿದ್ದಲ್ಲಿ ಸ್ವಂತ ಮತಕ್ಕೆ ಎಡಗೈಯ ತೋರುಬೆರಳಿಗೆ ಎಂದಿನಂತೆ ಶಾಯಿ ಹಚ್ಚಲಾಗುವುದು. ಹೀಗಾಗಿ ಸ್ವಂತ ಮತವೂ ಪ್ರತಿನಿಧಿಯಾಗಿ ಹಾಕುವ ಮತವೂ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ.

7. ಎಣಿಕೆ ಮತ್ತು ಮತಪತ್ರದ ತಿರಸ್ಕಾರ

ಎಣಿಕೆಯ ದಿನ ಅಂಚೆ ಮತಪತ್ರಗಳನ್ನು ಮೊದಲು ತೆಗೆದುಕೊಳ್ಳಲಾಗುತ್ತದೆ. ವಿದ್ಯುನ್ಮಾನ ಮಾಧ್ಯಮದಲ್ಲಿ ರವಾನೆಯಾದ ಮತಪತ್ರಗಳ ಲಕೋಟೆಗಳ ಮೇಲಿನ ಕ್ಯೂಆರ್ ಸಂಕೇತವನ್ನು ಯಂತ್ರದಿಂದ ಪರಿಶೀಲಿಸಲಾಗುವುದರಿಂದ, ಒಂದೇ ಮತಪತ್ರದ ಎರಡು ಪ್ರತಿಗಳು ಬಂದಿದ್ದಲ್ಲಿ ಪತ್ತೆಯಾಗುತ್ತದೆ. ನಂತರ ಹೊರ ಲಕೋಟೆಯನ್ನು ತೆರೆದು ಘೋಷಣಾ ಪತ್ರವನ್ನು ನೋಡಲಾಗುತ್ತದೆ. ಅದು ಸರಿಯಾಗಿದ್ದರೆ ಮಾತ್ರ ಒಳ ಲಕೋಟೆಯನ್ನು ತೆರೆಯಲಾಗುತ್ತದೆ.

ಈ ಕೆಳಕಂಡ ಕಾರಣಗಳಿಂದ ಮತವು ತಿರಸ್ಕೃತವಾಗುತ್ತದೆ:

• ಹೊರ ಲಕೋಟೆಯಲ್ಲಿ ಘೋಷಣಾ ಪತ್ರ ಇಲ್ಲದಿರುವುದು.
• ಘೋಷಣಾ ಪತ್ರಕ್ಕೆ ಸಹಿ ಅಥವಾ ದೃಢೀಕರಣ ಇಲ್ಲದಿರುವುದು.
• ಘೋಷಣಾ ಪತ್ರದಲ್ಲಿನ ಮತಪತ್ರದ ಕ್ರಮಸಂಖ್ಯೆಯು ಒಳ ಲಕೋಟೆಯ ಮೇಲಿನ ಸಂಖ್ಯೆಗೆ ತಾಳೆಯಾಗದಿರುವುದು.
• ಯಾವ ಗುರುತೂ ಇಲ್ಲದಿರುವುದು ಅಥವಾ ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ ಗುರುತು ಮಾಡಿರುವುದು.
• ಮತದಾರನನ್ನು ಗುರುತಿಸಬಹುದಾದ ಸಹಿ ಅಥವಾ ಬರಹ ಇರುವುದು.

ಗೆಲುವಿನ ಅಂತರವು ತಿರಸ್ಕೃತ ಅಂಚೆ ಮತಪತ್ರಗಳ ಸಂಖ್ಯೆಗಿಂತ ಕಡಿಮೆಯಿದ್ದಲ್ಲಿ, ಫಲಿತಾಂಶ ಘೋಷಿಸುವ ಮೊದಲು ತಿರಸ್ಕೃತ ಮತಪತ್ರಗಳನ್ನು ಮರುಪರಿಶೀಲಿಸಬೇಕೆಂದು ಆಯೋಗವು ಸೂಚಿಸಿದೆ. ಕರ್ನಾಟಕದಲ್ಲಿಯೇ 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶವು ಒಂದೇ ಒಂದು ಮತದ ಅಂತರದಿಂದಲೂ, 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಫಲಿತಾಂಶವು 16 ಮತಗಳ ಅಂತರದಿಂದಲೂ ನಿರ್ಧಾರವಾದವು. ದೃಢೀಕರಣದ ಒಂದು ಸಹಿಯ ಮಹತ್ವವನ್ನು ಇದರಿಂದ ತಿಳಿಯಬಹುದಾಗಿದೆ.

8. ಸಾಗರೋತ್ತರ ಮತದಾರರು

ಪ್ರಜಾಪ್ರತಿನಿಧಿ (ತಿದ್ದುಪಡಿ) ಕಾಯ್ದೆ, 2010ರ ಮೂಲಕ ಸೇರಿಸಲಾದ 20ಎ ಪ್ರಕರಣವು 2011ರ ಫೆಬ್ರವರಿ 10ರಿಂದ ಜಾರಿಯಲ್ಲಿದೆ. ಇದರಂತೆ ನೋಂದಾಯಿಸಿಕೊಳ್ಳಲು ಅರ್ಹತೆಗಳು:

• ಭಾರತದ ನಾಗರಿಕರಾಗಿದ್ದು, ಬೇರೆ ಯಾವುದೇ ದೇಶದ ಪೌರತ್ವವನ್ನು ಪಡೆದಿರಬಾರದು.
• ಉದ್ಯೋಗ, ವಿದ್ಯಾಭ್ಯಾಸ ಅಥವಾ ಇತರ ಕಾರಣಕ್ಕಾಗಿ ಭಾರತದಲ್ಲಿನ ವಾಸಸ್ಥಳದಿಂದ ದೂರವಿದ್ದು ವಿದೇಶದಲ್ಲಿರಬೇಕು.
• ಅರ್ಹತಾ ದಿನಾಂಕದಂದು 18 ವರ್ಷ ತುಂಬಿರಬೇಕು. ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಅರ್ಹತಾ ದಿನಾಂಕಗಳಾಗಿವೆ.

ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಪೌರತ್ವ ಪಡೆದು ‘ಭಾರತದ ಸಾಗರೋತ್ತರ ನಾಗರಿಕ’ ಚೀಟಿ ಹೊಂದಿರುವವರು, ಚೀಟಿಯ ಹೆಸರು ಹಾಗಿದ್ದರೂ, ಮತದಾರರಾಗಲು ಅರ್ಹರಲ್ಲ.

ನೋಂದಣಿಯು ಪಾಸ್‌ಪೋರ್ಟಿನಲ್ಲಿ ನಮೂದಾಗಿರುವ ಭಾರತದ ವಿಳಾಸದ ಕ್ಷೇತ್ರದಲ್ಲಿ ಆಗುತ್ತದೆ. ಕುಂದಾಪುರದಲ್ಲಿ ತಂದೆ-ತಾಯಿಯ ಮನೆಯಿದ್ದರೂ ಪಾಸ್‌ಪೋರ್ಟಿನಲ್ಲಿ ಬೆಂಗಳೂರಿನ ವಿಳಾಸವಿದ್ದರೆ, ಹೆಸರು ಬೆಂಗಳೂರಿನ ಸಂಬಂಧಿಸಿದ ಕ್ಷೇತ್ರದಲ್ಲಿ ದಾಖಲಾಗುತ್ತದೆ.

ಅರ್ಜಿಯನ್ನು ನಮೂನೆ-6ಎಯಲ್ಲಿ ಖುದ್ದಾಗಿ, ಅಂಚೆಯ ಮೂಲಕ ಅಥವಾ ಆಯೋಗದ ಮತದಾರರ ಸೇವಾ ಪೋರ್ಟಲ್ ಮೂಲಕ ಸಲ್ಲಿಸಬಹುದು. ಇತ್ತೀಚಿನ ಭಾವಚಿತ್ರ ಹಾಗೂ ಪಾಸ್‌ಪೋರ್ಟಿನ ಭಾವಚಿತ್ರ, ಭಾರತದ ವಿಳಾಸ ಮತ್ತು ಊರ್ಜಿತ ವೀಸಾ ಇರುವ ಪುಟಗಳ ಸ್ವಯಂ ದೃಢೀಕೃತ ನಕಲುಗಳನ್ನು ಲಗತ್ತಿಸಬೇಕು. ಖುದ್ದಾಗಿ ಸಲ್ಲಿಸುವವರು ಮೂಲ ಪಾಸ್‌ಪೋರ್ಟನ್ನು ಪರಿಶೀಲನೆಗಾಗಿ ಹಾಜರುಪಡಿಸಬೇಕು. ಹಿಂದೆ ಸಾಮಾನ್ಯ ಮತದಾರರಾಗಿ ಗುರುತಿನ ಚೀಟಿ ಪಡೆದಿದ್ದಲ್ಲಿ ಅದನ್ನು ಒಪ್ಪಿಸತಕ್ಕದ್ದು.

ಮತಗಟ್ಟೆ ಮಟ್ಟದ ಅಧಿಕಾರಿಯು ಭಾರತದ ವಿಳಾಸಕ್ಕೆ ಭೇಟಿ ನೀಡಿ ವಿಚಾರಣೆ ನಡೆಸುತ್ತಾರೆ. ಮನೆಯಲ್ಲಿ ಬಂಧುಗಳು ಯಾರೂ ಇಲ್ಲದಿದ್ದಲ್ಲಿ ದಾಖಲೆಗಳನ್ನು ಸಂಬಂಧಿಸಿದ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಪರಿಶೀಲನೆಗಾಗಿ ಕಳುಹಿಸಬಹುದು. ಅಂಗೀಕೃತ ಹೆಸರುಗಳನ್ನು ಆಯಾ ಮತಗಟ್ಟೆಯ ಪಟ್ಟಿಯ ಕೊನೆಯಲ್ಲಿ ‘ಸಾಗರೋತ್ತರ ಮತದಾರರು’ ಎಂಬ ಪ್ರತ್ಯೇಕ ವಿಭಾಗದಲ್ಲಿ ಸೇರಿಸಲಾಗುತ್ತದೆ.

9. ಸಾಗರೋತ್ತರ ಮತದಾರರು ಮತ ಚಲಾಯಿಸುವ ವಿಧಾನ

ಸಾಗರೋತ್ತರ ಮತದಾರರು ಮತದಾನದ ದಿನ ಖುದ್ದಾಗಿ ಮತಗಟ್ಟೆಗೆ ಹಾಜರಾಗಿ ಮೂಲ ಪಾಸ್‌ಪೋರ್ಟನ್ನು ತೋರಿಸತಕ್ಕದ್ದು. ಪಾಸ್‌ಪೋರ್ಟಿನ ನಕಲು ಅಥವಾ ಮೊಬೈಲ್ ದೂರವಾಣಿಯಲ್ಲಿನ ಚಿತ್ರ ಸಾಲದು. ಸಾವಿರಾರು ಮೈಲಿ ಪ್ರಯಾಣ ಮಾಡಿ ಬರುವವರು ಈ ಅಂಶವನ್ನು ವಿಶೇಷವಾಗಿ ಗಮನದಲ್ಲಿರಿಸಿಕೊಳ್ಳುವುದು ಒಳಿತು.

2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ 1,19,374 ಸಾಗರೋತ್ತರ ಮತದಾರರು ನೋಂದಾಯಿತರಾಗಿದ್ದು, 2,958 ಮಂದಿ ಮಾತ್ರ ಮತ ಚಲಾಯಿಸಿದರು. ಪ್ರತಿನಿಧಿಯ ಮೂಲಕ ಮತದಾನಕ್ಕೆ ಅವಕಾಶ ಕಲ್ಪಿಸುವ ಮಸೂದೆಯನ್ನು ಲೋಕಸಭೆಯು 2018ರ ಆಗಸ್ಟ್‌ನಲ್ಲಿ ಅಂಗೀಕರಿಸಿತ್ತಾದರೂ, ರಾಜ್ಯಸಭೆಯಲ್ಲಿ ಅಂಗೀಕಾರವಾಗುವ ಮೊದಲೇ ಲೋಕಸಭೆಯ ವಿಸರ್ಜನೆಯಾದ ಕಾರಣ 2019ರಲ್ಲಿ ಅದು ಅನೂರ್ಜಿತವಾಯಿತು. ವಿದ್ಯುನ್ಮಾನ ಅಂಚೆ ಮತಪತ್ರದ ಸೌಲಭ್ಯವನ್ನು ಇವರಿಗೂ ವಿಸ್ತರಿಸುವ ಪ್ರಸ್ತಾವನೆಯನ್ನು ಆಯೋಗವು 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ಸಲ್ಲಿಸಿತ್ತು. ನಿಯಮಗಳು ತಿದ್ದುಪಡಿಯಾಗುವವರೆಗೆ ಖುದ್ದು ಹಾಜರಾತಿಯೊಂದೇ ಮಾರ್ಗ. ವಿದೇಶದಿಂದಲೇ ಅಂತರಜಾಲದ ಮೂಲಕ ಮತ ಹಾಕಬಹುದೆಂಬ ಸಂದೇಶಗಳನ್ನು ಸಾರ್ವಜನಿಕರು ನಂಬಬಾರದು.

10. ಆಕ್ಷೇಪಣೆ, ಮೇಲ್ಮನವಿ ಮತ್ತು ದಂಡನೆ

ಮತದಾರರ ನೋಂದಣಾಧಿಕಾರಿಯ ಆದೇಶದಿಂದ ಬಾಧಿತರಾದವರು 15 ದಿನಗಳೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಮೇಲ್ಮನವಿ ಸಲ್ಲಿಸಬಹುದು. ಆ ಆದೇಶದ ವಿರುದ್ಧ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಎರಡನೇ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ನೋಂದಣಿ ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡುವುದು 1950ರ ಕಾಯ್ದೆಯ 31ನೇ ಪ್ರಕರಣದಡಿ ಒಂದು ವರ್ಷದವರೆಗಿನ ಕಾರಾವಾಸ ಅಥವಾ ದಂಡ ಅಥವಾ ಎರಡಕ್ಕೂ ಗುರಿಪಡಿಸಬಹುದಾದ ಅಪರಾಧವಾಗಿದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇವಾ ಮತದಾರರು ಮತದಾನದ ದಿನ ರಜೆಯ ಮೇಲೆ ಊರಿನಲ್ಲಿದ್ದರೆ ಮತಗಟ್ಟೆಯಲ್ಲಿ ಮತ ಹಾಕಬಹುದೇ?
ಉತ್ತರ: ಇಲ್ಲ. ಅವರಿಗೆ ಅಂಚೆ ಮತಪತ್ರವನ್ನು ಕಳುಹಿಸಲಾಗಿರುತ್ತದೆ. ಅದರ ಮೂಲಕವೇ ಮತ ಚಲಾಯಿಸತಕ್ಕದ್ದು.

ಪ್ರಶ್ನೆ: ಸೇವೆಯಿಂದ ನಿವೃತ್ತರಾದ ನಂತರ ಏನು ಮಾಡಬೇಕು?
ಉತ್ತರ: ನಿವೃತ್ತಿಯೊಂದಿಗೆ ಸೇವಾ ಅರ್ಹತೆ ಕೊನೆಗೊಳ್ಳುತ್ತದೆ. ವಾಸವಿರುವ ಸ್ಥಳದಲ್ಲಿ ನಮೂನೆ-6ರಲ್ಲಿ ಅರ್ಜಿ ಸಲ್ಲಿಸಿ ಸಾಮಾನ್ಯ ಮತದಾರರಾಗಬೇಕು.

ಪ್ರಶ್ನೆ: ಸಾಗರೋತ್ತರ ಮತದಾರರು ಶಾಶ್ವತವಾಗಿ ಸ್ವದೇಶಕ್ಕೆ ಹಿಂದಿರುಗಿದರೆ?
ಉತ್ತರ: ನೋಂದಣಾಧಿಕಾರಿಗೆ ತಿಳಿಸಿ ಆ ವಿಭಾಗದಿಂದ ಹೆಸರು ತೆಗೆಸಿ, ನಮೂನೆ-6ರಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳತಕ್ಕದ್ದು. ವಿದೇಶದಲ್ಲಿಯೇ ವಿಳಾಸ ಬದಲಾದರೂ ತಿಳಿಸುವುದು ಅವರ ಕರ್ತವ್ಯ.

ಪ್ರಶ್ನೆ: ಚುನಾವಣೆ ಘೋಷಣೆಯಾದ ನಂತರ ಹೆಸರು ಸೇರಿಸಬಹುದೇ?
ಉತ್ತರ: ನಾಮಪತ್ರ ಸಲ್ಲಿಸುವ ಕೊನೆಯ ದಿನಾಂಕ ಮುಗಿದ ಬಳಿಕ ಆ ಚುನಾವಣೆಗೆ ಯಾವುದೇ ಹೆಸರನ್ನು ಸೇರಿಸುವಂತಿಲ್ಲ. ಅರ್ಜಿಯ ವಿಚಾರಣೆಗೂ ಕಾಲಾವಕಾಶ ಬೇಕಾಗಿರುವುದರಿಂದ ಸಾಕಷ್ಟು ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಉತ್ತಮ.

ಪ್ರಶ್ನೆ: ಹಿರಿಯ ನಾಗರಿಕರು ಮನೆಯಿಂದಲೇ ಮತ ಹಾಕುವ ಸೌಲಭ್ಯವೂ ಇದೇ ಆಗಿದೆಯೇ?
ಉತ್ತರ: ಅಲ್ಲ. 85 ವರ್ಷ ಮೀರಿದವರಿಗೆ ಹಾಗೂ ಅಂಗವಿಕಲ ಮತದಾರರಿಗೆ ನಮೂನೆ-12ಡಿ ಮೂಲಕ ದೊರೆಯುವ ಆ ಸೌಲಭ್ಯವು ಪ್ರತ್ಯೇಕವಾದುದು.

ಹೆಚ್ಚಿನ ಮಾಹಿತಿಗಾಗಿ

ಸಾರ್ವಜನಿಕರು ಸಂಬಂಧಿಸಿದ ಮತದಾರರ ನೋಂದಣಾಧಿಕಾರಿ ಅಥವಾ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯನ್ನು ಸಂಪರ್ಕಿಸಬಹುದು ಅಥವಾ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಬಹುದು. ಸೇವಾ ಮತದಾರರು ಮೊದಲಿಗೆ ತಮ್ಮ ಘಟಕದ ದಾಖಲೆಗಳ ಕಚೇರಿಯನ್ನು ವಿಚಾರಿಸತಕ್ಕದ್ದು. ಪ್ರತಿ ಚುನಾವಣೆಗೆ ಮೊದಲು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಇರುವುದನ್ನು ಪರಿಶೀಲಿಸಿಕೊಳ್ಳುವಂತೆ ಕೋರಲಾಗಿದೆ.